ಅರ್ಧ ಉಳಿದ ಮುಲಾಮು

ನಿಮ್ಮ ಮನೆಯ ಔಷಧಿ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ಬಾಲದಿಂದ ಸುರುಳಿ ಸುತ್ತಿದ ಮುಲಾಮಿನ ಟ್ಯೂಬೊಂದು ಅಲ್ಲಿ ಇದ್ದೀತು. ಅರಕಲಗೂಡಿನ ನಮ್ಮ ಮನೆಯಲ್ಲಿಯೂ ಅಂತಹದೊಂದಿತ್ತು. ಅದರ ಮೇಲೆ ಮುಪಿರೋಸಿನ್ ಎಂದು ಅಚ್ಚಾಗಿತ್ತು.

ಒಂದು ಮಳೆಗಾಲದಲ್ಲಿ ಮೊಮ್ಮಗನ ಬಾಯಿಯ ಅಂಚಿನಲ್ಲಿ ಕೀವುಗುಳ್ಳೆಗಳೆದ್ದು, ಜೇನುಬಣ್ಣದ ಹಕ್ಕಳೆ ಕಟ್ಟಿದಾಗ ವೈದ್ಯರು ಅದನ್ನು ಬರೆದುಕೊಟ್ಟಿದ್ದರು. ಎಷ್ಟು ದಿನ ಹಚ್ಚಬೇಕೆಂದೂ ಹೇಳಿದ್ದರು. ಹಕ್ಕಳೆ ಉದುರಿದೊಡನೆ ನಾನು ನಿಲ್ಲಿಸಿದೆ. ಉಳಿದದ್ದನ್ನು ಶುಂಠಿ ಹೊಲದಲ್ಲಿ ಕೈ ತರಚಿದಾಗಲೆಲ್ಲ ಹಚ್ಚಿಕೊಂಡೆ. ಬೇಲಿಯಾಚೆಯ ಮನೆಯವರಿಗೂ ಕೊಟ್ಟೆ. ಅದನ್ನು ಉಪಕಾರವೆಂದೇ ತಿಳಿದಿದ್ದೆ.

ಮರುವರ್ಷ ಮಗುವಿಗೆ ಮತ್ತೆ ಗುಳ್ಳೆಗಳೆದ್ದವು. ಈ ಸಲ ಮುಲಾಮು ನಾಟಲಿಲ್ಲ. ಕೀವನ್ನು ಪರೀಕ್ಷೆಗೆ ಕಳುಹಿಸಿದ ವೈದ್ಯರು, ಬೇರೆ ಔಷಧಿ ಕೊಡುತ್ತ, "ಹಿಂದಿನದನ್ನು ಹೇಗೆ ಬಳಸಿದಿರಿ?" ಎಂದು ಕೇಳಿದರು. ನನ್ನಿಂದಲೇ ಹೀಗಾಯಿತೆಂದು ಅವರು ಹೇಳಲಿಲ್ಲ. ಆದರೂ ನನ್ನ ಬಳಿ ಉತ್ತರವಿರಲಿಲ್ಲ.

ಅಂದಿನಿಂದ ಈ ವಿಷಯವನ್ನು ಓದತೊಡಗಿದೆ. ಬ್ಯಾಕ್ಟೀರಿಯಾ ಬದುಕಬೇಕಾದರೆ ಕ್ಷಣಕ್ಷಣವೂ ಪ್ರೋಟೀನುಗಳನ್ನು ಕಟ್ಟುತ್ತಿರಬೇಕು. ಮನೆ ಕಟ್ಟುವುದನ್ನು ನೆನೆಯಿರಿ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳೇ ಇಟ್ಟಿಗೆಗಳು. ಅವನ್ನು ಹೊರುವ ಆಳುಗಳು ಸಾಗಣೆ ಆರ್‌ಎನ್‌ಎಗಳು. ಸರಿಯಾದ ಇಟ್ಟಿಗೆಯನ್ನು ಸರಿಯಾದ ಆಳಿನ ತಲೆಗೆ ಎತ್ತಿಕೊಡಲು ಕಿಣ್ವಗಳಿವೆ. ಐಸೋಲ್ಯೂಸಿನ್ ಎಂಬ ಇಟ್ಟಿಗೆಯನ್ನು ಎತ್ತಿಕೊಡುವ ಕಿಣ್ವದ ನಕ್ಷೆ ಐ.ಎಲ್.ಇ.ಎಸ್. ಎಂಬ ವಂಶವಾಹಿಯಲ್ಲಿದೆ. ಮುಪಿರೋಸಿನ್‌ನ ಒಂದು ತುದಿ ಐಸೋಲ್ಯೂಸಿನ್‌ನಂತೆಯೇ ಇರುವುದರಿಂದ ಅದು ಆ ಕಿಣ್ವದ ಕೈಯಲ್ಲಿ ಹೋಗಿ ಕೂರುತ್ತದೆ. ಕೈ ತುಂಬಿತು, ಕೆಲಸ ನಿಂತಿತು. ನಮ್ಮ ಜೀವಕೋಶಗಳ ಕಿಣ್ವದ ರೂಪ ಬೇರೆಯಾದ್ದರಿಂದ ನಮಗೆ ಕೇಡಿಲ್ಲ.

ಆದರೆ ಆ ವಂಶವಾಹಿಯಲ್ಲಿ ಒಂದಕ್ಷರ ತಪ್ಪಿದರೂ ಕಿಣ್ವದ ಕೈಯ ಆಕಾರ ತುಸು ಬದಲಾಗಿ, ಔಷಧಿಯ ಹಿಡಿತ ಸಡಿಲಬಹುದು. ಇನ್ನು ಕೆಲವು ಬ್ಯಾಕ್ಟೀರಿಯಾಗಳು ಮುಪಿರೋಸಿನ್‌ಗೆ ಜಗ್ಗದ ಇನ್ನೊಂದು ಕಿಣ್ವದ ವಂಶವಾಹಿಯನ್ನೇ ಡಿಎನ್‌ಎಯ ಪುಟ್ಟ ಉಂಗುರದಲ್ಲಿಟ್ಟು ನೆರೆಯ ಬ್ಯಾಕ್ಟೀರಿಯಾಗಳಿಗೆ ದಾಟಿಸುತ್ತವೆ. ನಾನು ಬೇಲಿಯಾಚೆಗೆ ಟ್ಯೂಬು ದಾಟಿಸಿದೆನಲ್ಲ, ಹಾಗೆಯೇ! ಬೇಕಾಬಿಟ್ಟಿ ಹಚ್ಚಿದಷ್ಟೂ ಸಾಮಾನ್ಯ ಬ್ಯಾಕ್ಟೀರಿಯಾಗಳು ಸತ್ತು, ಇಂತಹವುಗಳಿಗೇ ಎಡೆಯಾಗುತ್ತದೆ. ಈ ಔಷಧಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದು 1985ರಲ್ಲಿ. ಎರಡೇ ವರ್ಷಗಳಲ್ಲಿ ಅದಕ್ಕೆ ಮಣಿಯದ ಬ್ಯಾಕ್ಟೀರಿಯಾಗಳು ಕಂಡುಬಂದವು.

ಇನ್ನೊಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಶುಂಠಿಯ ಕೊಳೆರೋಗಕ್ಕೆಂದು ನಾವು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಮಡಿಗಳಿಗೆ ಹಾಕುವ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಇದೆಯಲ್ಲ, ಅದೇ ಜಾತಿಯ ಒಂದು ತಳಿಯಿಂದಲೇ ಮುಪಿರೋಸಿನ್ ದೊರೆತದ್ದು. ತನ್ನ ವಿಷ ತನಗೇ ತಗುಲದಂತೆ ಆ ತಳಿ, ವಿಷಕ್ಕೆ ಬಗ್ಗದ ಎರಡನೆಯ ಕಿಣ್ವವೊಂದನ್ನು ಇಟ್ಟುಕೊಂಡಿದೆ. ಮಣ್ಣಿನಲ್ಲಿರುವ ಆ ಅಲ್ಪಜೀವಿಗೆ ಇರುವಷ್ಟು ಎಚ್ಚರಿಕೆ ನನಗಿರಲಿಲ್ಲ.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲಿ ಒಂದು ಕಲ್ಪಿತ ಪ್ರಸಂಗ ಹೇಳಿದರು. ಗಂಟಲುನೋವಿದ್ದ ಒಬ್ಬಾತ ತಾನೇ ಪೆನಿಸಿಲಿನ್ ಕೊಂಡು, ಸಾಲದಷ್ಟು ತೆಗೆದುಕೊಳ್ಳುತ್ತಾನೆ. ಪಳಗಿದ ಸೋಂಕು ಅವನ ಹೆಂಡತಿಗೆ ತಗುಲುತ್ತದೆ. ಔಷಧಿ ಫಲಿಸದೆ ಸಾಯುವವಳು ಆಕೆ, ಅವನಲ್ಲ. ತಪ್ಪು ಒಬ್ಬರದು, ತೆರುವವರು ಇನ್ನೊಬ್ಬರು. ಇದನ್ನು ಓದಿದಾಗ ಮೊಮ್ಮಗನ ಮುಖ ಕಣ್ಣಮುಂದೆ ಬಂದಿತು.

ಕಳೆದ ಮಳೆಗಾಲದಲ್ಲಿ ಬೇಲಿಯಾಚೆಯ ಮನೆಯಾಕೆ, "ಆ ಮುಲಾಮು ಇದೆಯೇ?" ಎಂದು ಕೇಳಿದರು. ಕೇಳಿದವರಿಗೆ ಇಲ್ಲವೆಂದು ಅಭ್ಯಾಸವಿಲ್ಲದ ನನಗೆ ಸಂಕಟವಾಯಿತು. "ಕೊಡುವುದಿಲ್ಲಮ್ಮ, ಮಗುವನ್ನು ಎತ್ತಿಕೊಳ್ಳಿ, ನಾನೂ ಬರುತ್ತೇನೆ" ಎಂದು ಕೊಡೆ ಬಿಡಿಸಿದೆ. ಅವರು ತುಸು ಮುನಿಸಿಕೊಂಡೇ ಜೊತೆಗೆ ನಡೆದರು. ವೈದ್ಯರ ಬಾಗಿಲು ಮುಟ್ಟುವಷ್ಟರಲ್ಲಿ ನಾನು ಈ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದೆ.