ಹೂಜಿಯ ವೀರನೂ ಕಲ್ಲಿನ ವೀರನೂ

ವೀರನ ರೂಪವನ್ನು ಕಣ್ಣೆದುರಿಗಿಟ್ಟುಕೊಳ್ಳಬೇಕೆಂಬ ಆಸೆ ಎಲ್ಲ ದೇಶದ ಜನರಿಗೂ ಉಂಟು. ಆಂಗ್ಲರು ಅದನ್ನು ಪಿಂಗಾಣಿಯಲ್ಲಿ ತೀರಿಸಿಕೊಂಡರು. ಸ್ಟಾಫರ್ಡ್‌ಷೈರಿನ ಕುಂಬಾರರು ಹದಿನೆಂಟನೆಯ ಶತಮಾನದಲ್ಲಿ, ಕುಳಿತು ಮದ್ಯ ಸೇವಿಸುವ ಮುದುಕನ ಆಕಾರದ ಹಿಡಿಯುಳ್ಳ ಹೂಜಿಯೊಂದನ್ನು ಮಾಡಿದರು. ಅದಕ್ಕೆ ಟೋಬಿ ಎಂದು ಹೆಸರು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಆ ಮುದುಕನ ಸ್ಥಾನದಲ್ಲಿ ಸೇನಾನಿಗಳು ಬಂದು ಕುಳಿತರು. ವ್ಯಂಗ್ಯಚಿತ್ರಕಾರ ಕರುಥರ್ಸ್ ಗೂಲ್ಡನು ರೂಪಿಸಿದ ಸಾಲಿನಲ್ಲಿ, ೧೯೦೨ ರಿಂದ ೧೯೦೯ ರವರೆಗೆ ಹಿಂದೂಸ್ಥಾನದ ದಂಡಿನ ಮುಖ್ಯಾಧಿಪತಿಯಾಗಿದ್ದ ಕಿಚನರನೂ ಹೂಜಿಯಾದನು. ೧೯೩೪ ರಿಂದ ರಾಯಲ್ ಡೌಲ್ಟನ್ ಕಾರ್ಖಾನೆಯವರು ತಲೆಹೆಗಲುಗಳಷ್ಟನ್ನೇ ಹೂಜಿಯಾಗಿ ಮಾಡತೊಡಗಿದರು. ೧೭೯೯ ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಅಧಿಕಾರ ನಡೆಸಿದ ವೆಲ್ಲೆಸ್ಲಿ, ಎಂದರೆ ಮುಂದಣ ವೆಲಿಂಗ್‌ಟನ್ನನೂ, ಈ ಮೇಳದಲ್ಲಿದ್ದಾನೆ.

ಮೈಸೂರು ಸೀಮೆಯ ದಕ್ಷಿಣದ ಅಂಚಿನಲ್ಲಿ ನೆನಪಿನ ರೀತಿ ಬೇರೆ. ಅರಿಕುಠಾರವೆಂಬ ಊರಿಗೆ ೧೮೧೮ ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರನ್ನಿಟ್ಟುದರಿಂದ ಅದು ಚಾಮರಾಜನಗರವಾಯಿತು. ದೊರೆಗೆ ಊರೇ ಸ್ಮಾರಕ. ಹಳ್ಳಿಯ ಬಂಟನಿಗೆ ದೊರೆತುದು ವೀರಗಲ್ಲು. ಅದರ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ಶಿವಸಾನ್ನಿಧ್ಯ: ಇದೇ ಕನ್ನಡ ನಾಡಿನ ವಾಡಿಕೆಯ ಕ್ರಮ.

ಇವೆರಡನ್ನೂ ಹೋಲಿಸಿದರೆ ಒಂದು ಸೂಕ್ಷ್ಮ ತೋರುತ್ತದೆ. ಹೂಜಿಯಲ್ಲಿ ಮುಖವೇ ಪ್ರಧಾನ. ಮೂಗು ಮೀಸೆಗಳು ತಪ್ಪುವಂತಿಲ್ಲ. ಕಾರ್ಯವನ್ನು ಸೂಚಿಸುವ ಗುರುತು ಹಲವು ವೇಳೆ ಹಿಡಿಯಲ್ಲಿ ಅಡಗಿರುತ್ತದೆ. ವೀರಗಲ್ಲಿನ ಮುಖ ಯಾರದೂ ಆಗಬಹುದು. ತುರುಗಳನ್ನು ಬಿಡಿಸಲು ಹೋಗಿ ಮಡಿದನೆಂಬುದು ಮಾತ್ರ ಸ್ಪಷ್ಟ. ಹೂಜಿ ಗೆದ್ದವನ ಕೀರ್ತಿಯನ್ನು ಹೇಳುತ್ತದೆ. ಕಲ್ಲು ಊರು ತೀರಿಸಬೇಕಾದ ಋಣವನ್ನು ಹೇಳುತ್ತದೆ.

ಆದರೆ ರಕ್ಷಣೆ ದೊರೆತುದು ಹೂಜಿಗೇ. ಅಂಚು ಎಳ್ಳಷ್ಟು ಮುಕ್ಕಾದರೂ ಬೆಲೆ ಇಳಿಯುವುದರಿಂದ ಸಂಗ್ರಹಕಾರರು ಅದನ್ನು ಗಾಜಿನ ಬೀರುವಿನಲ್ಲಿಟ್ಟು ಕಾಯುತ್ತಾರೆ. ಬಯಲಲ್ಲಿ ನಿಂತ ಕಲ್ಲಿಗೆ ಕಾವಲಿಲ್ಲ. ಬಿ. ಎಲ್. ರೈಸ್ ಅವರು ೧೮೯೮ ರಲ್ಲಿ ಎಪಿಗ್ರಾಫಿಯಾ ಕರ್ಣಾಟಿಕದ ನಾಲ್ಕನೆಯ ಸಂಪುಟವನ್ನು ಹೊರತಂದಾಗ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು ಅಚ್ಚಾದುವು. ಬರಹವುಳ್ಳ ಕಲ್ಲು ಹಾಳಾದರೂ ಅದರ ಮಾತು ಪುಸ್ತಕದಲ್ಲಿ ಉಳಿದೀತು. ಬರಹವಿಲ್ಲದ ಕಲ್ಲಿಗೆ ಆ ಆಸರೆಯೂ ಇಲ್ಲ. ಅದು ಚಪ್ಪಡಿಯಾಗಿ ಹಾಸಿಹೋದ ದಿನ ಆ ಬಂಟನು ಎರಡನೆಯ ಸಲ ಸಾಯುತ್ತಾನೆ. ಮೊದಲನೆಯ ಸಲ ಅವನು ಸತ್ತುದು ಊರಿಗಾಗಿ. ಎರಡನೆಯ ಸಾವಿಗೆ ಊರೇ ಕಾರಣವಾಗದಿರಲಿ.