ಕಲ್ಲು ಮತ್ತು ಮೊನೆ: ಒಂದು ಸ್ವಾನುಭವ

ನವಲಗುಂದದ ಗುಡ್ಡವನ್ನು ಬಿಟ್ಟರೆ ಸುತ್ತಲೂ ಬಹುಪಾಲು ಎರೆಭೂಮಿಯೇ. ಅಂಥ ಹೊಲದಲ್ಲಿ ಬೆಳೆದವನಿಗೆ ಕುಂಟೆಗೆ ತಗುಲಿದ ಒಂದು ಗಟ್ಟಿ ಕಲ್ಲು ಕೂಡ ಪ್ರಶ್ನೆಯಾಗುತ್ತದೆ: ಇದನ್ನು ಯಾರು ತಂದರು, ಏತಕ್ಕೆ ತಂದರು? ಪ್ರಾಗಿತಿಹಾಸದತ್ತ ನನ್ನ ಒಲವು ಮೊಳೆತದ್ದು ಈ ಪ್ರಶ್ನೆಯಿಂದಲೇ. ಮುಂದೆ, ಶಿಲಾಯುಧಗಳನ್ನು ಅರಿಯಬೇಕಾದರೆ ಒಮ್ಮೆಯಾದರೂ ಕಲ್ಲನ್ನು ಒಡೆದು ನೋಡಬೇಕೆನಿಸಿತು.

ನಮ್ಮ ಭಾಗದ ನೀರನ್ನು ಹೊತ್ತ ಬೆಣ್ಣೆಹಳ್ಳವು ಮಲಪ್ರಭೆಯನ್ನು ಸೇರುತ್ತದೆ. ಆ ನದಿಯ ಕಣಿವೆಯನ್ನು ಕುರಿತ ಆರ್.ವಿ. ಜೋಶಿಯವರ ಗ್ರಂಥವು 1955ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟವಾಯಿತು. ಬಾದಾಮಿ ತಾಲೂಕಿನ ಖ್ಯಾಡದಲ್ಲಿ ದೊರೆತ ಹಳೆ ಶಿಲಾಯುಗದ ಕೈಗೊಡಲಿ, ಸೀಳುಗೊಡಲಿಗಳು ಮುಖ್ಯವಾಗಿ ಕ್ವಾರ್ಟ್ಜೈಟ್ ಶಿಲೆಯವು. ನಾನೂ ಮಲಪ್ರಭೆಯ ದಂಡೆಯಿಂದ ಅಂಥವೇ ಉರುಟುಗಲ್ಲುಗಳನ್ನು ಆಯ್ದುಕೊಂಡೆ.

ಆದರೆ ನನ್ನ ಮನಸ್ಸಿನಲ್ಲಿದ್ದ ಮಾದರಿ ಬೇರೆಯದಾಗಿತ್ತು. ಅಮೆರಿಕದ ಮೂಲನಿವಾಸಿಗಳ ಬಾಣದ ಮೊನೆಗಳನ್ನು ಚಿತ್ರಗಳಲ್ಲಿ ಕಂಡಿದ್ದೆ: ತೆಳುವಾದ ಎಲೆಯಾಕಾರ, ಬುಡದ ಎರಡೂ ಬದಿಗೆ ಕಚ್ಚು. ಅದನ್ನೇ ಮಾಡಹೊರಟೆ. ಗುಂಡುಗಲ್ಲಿನ ಏಟಿಗೆ ಕ್ವಾರ್ಟ್ಜೈಟ್ ದೊಡ್ಡ ದೊಡ್ಡ ಚಕ್ಕೆಗಳನ್ನು ಧಾರಾಳವಾಗಿಯೇ ಕೊಟ್ಟಿತು. ಆದರೆ ತಾಮ್ರದ ತುದಿಯಿಂದ ಒತ್ತಿ ಅಂಚನ್ನು ತೆಳುಗೊಳಿಸಲು ತೊಡಗಿದಾಗ ಅದರ ಒರಟು ಕಣಗಳು ಜಗ್ಗಲಿಲ್ಲ. ಬುಡದಲ್ಲಿ ಕಚ್ಚು ಹಾಕುವಾಗಲೆಲ್ಲ ಮೊನೆ ಎರಡಾಯಿತು. ಕೈಗೊಡಲಿಯ ದಪ್ಪ ರೂಪವು ಒಡ್ಡತನದ ಗುರುತಲ್ಲ, ಆ ಕಲ್ಲಿನೊಡನೆ ಮಾಡಿಕೊಂಡ ಒಪ್ಪಂದ ಎಂಬುದು ಆಗ ಹೊಳೆಯಿತು.

ಬಳಿಕ ಅದೇ ಜಲ್ಲಿಯಲ್ಲಿದ್ದ ಚರ್ಟ್ ಕಲ್ಲನ್ನು ಹಿಡಿದೆ. ಅದರ ಕಣ ನಯವಾದದ್ದು, ಒಡೆದರೆ ಅಂಚು ಕೂರಲಗಿನಂತೆ. ಆದರೆ ನನಗೆ ದೊರೆತ ತುಂಡುಗಳು ಹೆಬ್ಬೆರಳಿಗಿಂತ ದೊಡ್ಡವಲ್ಲ. ಇದಕ್ಕೆ ಒಪ್ಪುವ ಮಾದರಿ ಸೂಕ್ಷ್ಮ ಶಿಲಾಯುಧದ್ದು: ಕಿರಿದಾದ ಅಲಗನ್ನು ಎಬ್ಬಿಸಿ, ಒಂದು ಬದಿಯನ್ನು ಮೊಂಡು ಮಾಡಿ, ಅರ್ಧಚಂದ್ರದಂತೆ ತಿದ್ದಿ, ಮರದ ಕಡ್ಡಿಯ ಸೀಳಿನಲ್ಲಿ ಅಂಟಿನಿಂದ ಕೂರಿಸುವುದು. ಒಂದು ತುಂಡು ಮುರಿದರೆ ಅದೊಂದನ್ನೇ ಬದಲಿಸಿದರಾಯಿತು. ಕಲ್ಲಿನ ಕಿರಿದುತನವೇ ಇಲ್ಲಿ ಅನುಕೂಲವಾಗಿತ್ತು.

ಈ ಸಂತೋಷದಲ್ಲಿ ನಾನೊಂದು ತಪ್ಪು ಮಾಡಿದೆ. ಒಡೆದ ಚಕ್ಕೆಗಳನ್ನೂ ಒಪ್ಪವಾಗದ ಕೆಲವು ಅರ್ಧಚಂದ್ರಗಳನ್ನೂ ದಂಡೆಯಲ್ಲಿಯೇ ಬಿಟ್ಟುಬಂದೆ. ಮರುವರ್ಷ ವಿದ್ಯಾರ್ಥಿಯೊಬ್ಬ ಕರವಸ್ತ್ರದ ಗಂಟು ಬಿಚ್ಚಿ, "ಸರ್, ಆದಿಮಾನವರ ಕಲ್ಲು ಸಿಕ್ಕಾವ್ರಿ" ಎಂದು ಮೇಜಿನ ಮೇಲೆ ಹರಡಿದ. ನನ್ನ ಕೈಕೆಲಸವನ್ನು ನಾನು ಗುರುತಿಸಿದೆ. ನಿಜ ಹೇಳಿದಾಗ ಅವನ ಮುಖ ಬಾಡಿತು. ನಾಚಿಕೆಯಾದದ್ದು ನನಗೆ.

ಕಚ್ಚು ಹಾಕಿದ ಮೊನೆಯೊಂದು ಅಲ್ಲಿ ಸಿಕ್ಕಿದ್ದರೆ ಅದು ಈ ನೆಲದ್ದಲ್ಲವೆಂದು ಯಾರಾದರೂ ಸಂದೇಹಪಡುತ್ತಿದ್ದರು. ಸ್ಥಳದ ಕಲ್ಲಿಗೆ ಸ್ಥಳದ್ದೇ ರೂಪವನ್ನು ಕೊಟ್ಟಷ್ಟೂ ನನ್ನ ಕೆಲಸ ನಿಷ್ಠವಾಗುತ್ತದೆ; ಹಾಗೆಯೇ ಕಣ್ಣಿಗೆ ಮೋಸ ಮಾಡುವ ಶಕ್ತಿಯೂ ಅದಕ್ಕೆ ಹೆಚ್ಚುತ್ತದೆ. ಬರವಣಿಗೆಯಿಲ್ಲದ ಕಾಲಕ್ಕೆ ಆ ಜಲ್ಲಿಯೇ ದಾಖಲೆ. ಅದರೊಳಗೆ ನನ್ನ ಚಕ್ಕೆ ಬಿದ್ದರೆ ಅದು ಹಸ್ತಪ್ರತಿಯಲ್ಲಿ ಸೇರಿಸಿದ ಪ್ರಕ್ಷಿಪ್ತ ಪದ್ಯವಿದ್ದಂತೆ. ಪ್ರಕ್ಷೇಪಗಳನ್ನು ಗುರುತಿಸಲು ತರಗತಿಯಲ್ಲಿ ಕಲಿಸುವ ನಾನೇ ಒಂದನ್ನು ಸೇರಿಸಿದ್ದೆ.

ಈಗ ಮನೆಯಂಗಳದಲ್ಲಿ ತಟ್ಟು ಹಾಸಿಕೊಂಡೇ ಕಲ್ಲು ಒಡೆಯುತ್ತೇನೆ. ಪ್ರತಿಯೊಂದು ಮೊನೆಯ ಮೇಲೆ ವರ್ಷವನ್ನು ಕೊರೆಯುತ್ತೇನೆ. ಚೂರುಗಳನ್ನು ಮಾತ್ರ ನದಿಗೆ ಮರಳಿಸುವುದಿಲ್ಲ.