ಹಟ ಹಿಡಿದ ಹಿಡಿಕೆ

ದಿನವೂ ಕೈಗೆ ಸಿಗುವ ವಸ್ತುಗಳನ್ನು ನಾವು ಕಣ್ಣಿಟ್ಟು ನೋಡುವುದು ಕಡಿಮೆ. ಬಾಗಿಲ ಚಿಲಕ, ಬಾವಿಯ ರಾಟೆ, ಹೊಲದ ಪಂಪಿನ ಸ್ಟಾರ್ಟರ್, ಇವೆಲ್ಲ ಹೇಳಿದ ಮಾತು ಕೇಳಿಕೊಂಡಿರುವಷ್ಟು ದಿನ ನಮ್ಮ ಪಾಲಿಗೆ ಇದ್ದೂ ಇಲ್ಲದಂತೆ ಇರುತ್ತವೆ. ಒಂದು ದಿನ ಮುನಿದು ಕೂತಾಗ ಮಾತ್ರ ಅವುಗಳ ಒಳಗೆ ಏನಿದೆ, ಯಾವುದು ಯಾವುದನ್ನು ಹಿಡಿದಿದೆ ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಮನೆಯ ಕಾರಿನ ಗೇರಿನ ಹಿಡಿಕೆ ಹಾಗೆ ಒಮ್ಮೆ ಮುನಿಯಿತು. ಮುಷ್ಟಿಯಷ್ಟು ಗಾತ್ರದ ಆ ವಸ್ತು ನಮ್ಮ ಅಕ್ಕನ ಸ್ವಾತಂತ್ರ್ಯವನ್ನು ತನ್ನೊಳಗೆ ಇಟ್ಟುಕೊಂಡಿತ್ತು ಎಂಬುದು ಆಗಲೇ ನಮಗೆ ಪೂರ್ತಿಯಾಗಿ ತಿಳಿದದ್ದು.

ನಮ್ಮ ಊರು ಮ್ಹೈಸಾಳ. ಮಿರಜ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಕಬ್ಬಿನ ಹಸಿರಿನ ನಡುವೆ ಇರುವ ಗಡಿಯ ಊರು. ಮಿರಜದಿಂದ ಹೊರಟ ರಸ್ತೆ ನಮ್ಮನ್ನು ದಾಟಿ ಕಾಗವಾಡ ಸೇರುವಷ್ಟರಲ್ಲಿ ರಾಜ್ಯ ಬದಲಾಗಿರುತ್ತದೆ. ಮಾತು ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ. ಇಲ್ಲಿಂದ ಮೇಲೆತ್ತಿದ ಹೊಳೆಯ ನೀರು ಕವಠೆ ಮಹಾಂಕಾಳ, ಜತ್ತದ ಬರಡು ಭೂಮಿಯವರೆಗೆ ಹರಿಯುತ್ತದೆ. ನೀರಿಗೆ ಏತವಿದ್ದಂತೆ ಮನುಷ್ಯರಿಗೆ ವಾಹನ ಬೇಕು. ದವಾಖಾನೆಗೆ ಮಿರಜ, ಪೇಟೆಗೆ ಸಾಂಗಲಿ, ಬೀಗರ ಮನೆಗೆ ಅಥಣಿ ಎಂದು ಹಂಚಿಹೋದ ಬದುಕು ನಮ್ಮದು.

ಅಕ್ಕ ಕನ್ನಡ ಶಾಲೆಯ ಶಿಕ್ಷಕಿಯಾಗಿ ನಿವೃತ್ತಳಾದವಳು. ಎಳವೆಯಲ್ಲಿ ಬಂದ ಪೋಲಿಯೊ ಆಕೆಯ ಎಡಗಾಲಿನ ಬಲವನ್ನು ಕಸಿದಿತ್ತು. ನಮ್ಮ ದೇಶದಲ್ಲಿ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಆಗ್ನೇಯ ಏಷ್ಯಾ ವಲಯವನ್ನೇ ಪೋಲಿಯೊಮುಕ್ತವೆಂದು ಸಾರಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಅಕ್ಕ, "ನಮ್ಮ ತಲೆಮಾರಿನ ಕೂಡ ಇದು ಮುಗೀತು ಬಿಡ್ರಿ" ಎಂದು ಹೇಳಿ ಚಹಾ ಮಾಡಲು ಒಳಗೆ ಹೋಗಿದ್ದಳು. ಸೇವೆಯಲ್ಲಿ ಇದ್ದಷ್ಟು ಕಾಲ ಆಕೆ ಬಸ್ಸಿಗೆ ಕಾದಳು, ತಮ್ಮಂದಿರ ಬೈಕಿಗೆ ಕಾದಳು, ಯಾರದೋ ಜೀಪಿನಲ್ಲಿ ತೆರವಾಗುವ ಜಾಗಕ್ಕೆ ಕಾದಳು. ಕಾರು ಓಡಿಸುವ ಆಸೆಯಿತ್ತು. ಆದರೆ ಗೇರು ಬದಲಿಸುವಾಗಲೆಲ್ಲ ಕ್ಲಚ್ ಒತ್ತಬೇಕು, ಒತ್ತಬೇಕಾದದ್ದು ಎಡಗಾಲು.

ಎಡಗಾಲಿಗೆ ಕೆಲಸವಿಲ್ಲದ ಕಾರು ಜಗತ್ತಿಗೆ ಹೊಸದೇನಲ್ಲ. ಅಮೆರಿಕೆಯ ಜನರಲ್ ಮೋಟರ್ಸ್ ಕಂಪನಿ 1939ರಲ್ಲಿಯೇ ಹೈಡ್ರಾಮ್ಯಾಟಿಕ್ ಎಂಬ ಸ್ವಯಂಚಾಲಿತ ಗೇರುಪೆಟ್ಟಿಗೆಯನ್ನು ಹೊರತಂದು, 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಅಳವಡಿಸಿತ್ತು. ನಮ್ಮ ಕಡೆಯ ಸಾಮಾನ್ಯ ಮನೆಗಳಿಗೆ ಈ ಮಾತು ತಲುಪಲು ಮುಕ್ಕಾಲು ಶತಮಾನ ಹಿಡಿಯಿತು. 2014ರಲ್ಲಿ ಮಾರುತಿ ಸುಜುಕಿಯ ಸೆಲೆರಿಯೊ ಕ್ಲಚ್ ಇಲ್ಲದ ಸಣ್ಣ ಕಾರಾಗಿ ಬಂದ ಮೇಲೆ, ಕಡಿಮೆ ಬೆಲೆಯಲ್ಲಿಯೂ ಇಂಥ ಗಾಡಿ ಸಿಗುತ್ತದೆ ಎಂಬುದು ಹಳ್ಳಿಯ ಕಟ್ಟೆಯ ಮೇಲೂ ಚರ್ಚೆಯಾಯಿತು. ನಾವು ಕೊಂಡದ್ದು ಬೇರೆಯದು. ಹೆಬ್ಬೆರಳಿನಿಂದ ಗುಂಡಿಯೊತ್ತಿ ಸರಿಸುವ ಹಿಡಿಕೆಯುಳ್ಳ, ಇನ್ನೊಬ್ಬರು ಬಳಸಿ ಬಿಟ್ಟ ಹಳೆಯ ಕಾರು. "ಎಡಗಾಲಿಗೆ ಕೆಲಸ ಇಲ್ಲದ್ದು ಗಾಡಿ ಅಲ್ಲ, ಆಟಿಗಿ ಸಾಮಾನು" ಎಂದು ನಕ್ಕವರಿದ್ದರು.

ಹೊಸ ಯಂತ್ರವನ್ನು ಕಂಡು ಮೂಗು ಮುರಿಯುವುದು ಈ ಸೀಮೆಗೆ ಹಳೆಯ ರೂಢಿ. ಬೆಳಗಾವಿಯ ಬಳಿಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು ತಯಾರಿಸಿದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಅಂಜಿದ್ದರಂತೆ. ಅದೇ ಕಿರ್ಲೋಸ್ಕರರು 1910ರಲ್ಲಿ ಕಟ್ಟಿದ ಕಿರ್ಲೋಸ್ಕರವಾಡಿ ಇಂದು ನಮ್ಮ ಸಾಂಗಲಿ ಜಿಲ್ಲೆಯಲ್ಲಿಯೇ ಇದೆ. ನೇಗಿಲಿಗೆ ಒಗ್ಗಿಕೊಂಡ ಭೂಮಿ ಅಕ್ಕನ ಕಾರಿಗೂ ಒಗ್ಗಿಕೊಂಡಿತು. ಎರಡು ತಿಂಗಳ ಅಭ್ಯಾಸದ ನಂತರ ಆಕೆ ಒಬ್ಬಳೇ ಕಾಗವಾಡಕ್ಕೆ ಹೋಗಿಬಂದಳು. ಆಮೇಲೆ ರವಿವಾರಗಳಂದು ನರವಾಡ, ಆರಗ, ಬೇಡಗದ ಕಡೆ ಹೊರಡತೊಡಗಿದಳು. ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಮರಾಠಿ ಕಲಿಯುವ ಮಕ್ಕಳಿಗೆ ಅಕ್ಷರ ಹೇಳಿಕೊಡಲು ಹಿಂದಿನ ಸೀಟಿನ ತುಂಬ ಪುಸ್ತಕ. ಯಾರನ್ನೂ ಕಾಯದೆ, ತನಗೆ ತೋರಿದ ಹೊತ್ತಿಗೆ ಹೊರಟು, ತನಗೆ ಬೇಕೆನಿಸಿದಾಗ ಮರಳುವ ಸುಖ ಆಕೆಗೆ ದೊರೆತದ್ದು ಅರುವತ್ತರ ಅಂಚಿನಲ್ಲಿ.

ಕಬ್ಬಿನ ಹಂಗಾಮಿನ ಒಂದು ಸಂಜೆ ಮನೆಯ ಕೂಸೊಂದು ಕಾರಿನೊಳಗೆ ಕಬ್ಬಿನ ಹಾಲಿನ ಲೋಟ ಉರುಳಿಸಿತು. ಒರೆಸಿದ್ದಾಯಿತು, ಮರೆತದ್ದೂ ಆಯಿತು. ಮೂರನೆಯ ದಿನ ಅಕ್ಕ ಕಾರು ಚಾಲೂ ಮಾಡಿ ಗುಂಡಿಯೊತ್ತಿದರೆ ಅದು ಒಳಗೆ ಹೋಗಲಿಲ್ಲ. ಹಿಡಿಕೆ 'ಪಿ' ಎಂಬ ಅಕ್ಷರದ ಎದುರು, ಅಂದರೆ ನಿಲುಗಡೆಯ ಸ್ಥಾನದಲ್ಲಿ, ಕದಲದೆ ನಿಂತಿತ್ತು. ಎಂಜಿನು ಗುಟುರು ಹಾಕುತ್ತಿದೆ, ಚಕ್ರಗಳಿಗೆ ಬೀಗ ಬಿದ್ದಿದೆ.

ಒಂದು ಕಾರ್ಯಾಗಾರಕ್ಕೆ ಫೋನು ಮಾಡಿದೆವು. ಹಿಡಿಕೆಯೊಂದೇ ಸಿಗುವುದಿಲ್ಲ, ಗೇರಿನ ದಂಡ ಸಮೇತ ಇಡೀ ಜೋಡಣೆ ಬದಲಿಸಬೇಕು, ಸಾಮಾನು ಬರಲು ವಾರಗಳು ಹಿಡಿಯುತ್ತವೆ ಎಂದರು. ಹೇಳಿದ ಬೆಲೆ ನಮ್ಮ ಹಳೆಯ ಕಾರಿನ ಯೋಗ್ಯತೆಗೆ ಮೀರಿದ್ದಿತ್ತು. ಅಕ್ಕ ಏನೂ ಆಡಲಿಲ್ಲ. ಪುಸ್ತಕದ ಚೀಲವನ್ನು ಕಾರಿನಿಂದ ಒಳಗೆ ತಂದು ಕಪಾಟಿನಲ್ಲಿ ಇಟ್ಟಳು. ಅಷ್ಟು ನೋಡಿದ ನಮಗೆ ಮತ್ತೆ ವಾರಗಟ್ಟಲೆ ಕಾಯುವುದು ಆಕೆಗೆ ಏನೆಂದು ಅರ್ಥವಾಯಿತು. ಮಿರಜದ ಪರಿಚಯದ ಮಿಸ್ತ್ರಿಯೊಬ್ಬರನ್ನು ಕರೆಸಿದೆವು.

ಮಿಸ್ತ್ರಿ ಬರುವಷ್ಟರಲ್ಲಿ ಓಣಿಯ ಹುಡುಗರು ಪೈಪ್ ಪಾನಾ ಹಿಡಿದು ಸಿದ್ಧರಾಗಿದ್ದರು. ಹಿಡಿಕೆಯನ್ನು ತಿರುವಿ ಕಿತ್ತರೆ ಆಯಿತು ಎಂಬುದು ಅವರ ವಾದ. ಮಿಸ್ತ್ರಿ ಪಾನಾ ಕಸಿದು ಕೆಳಗಿಟ್ಟರು. "ಜೋರ್ ಮಾಡಬ್ಯಾಡ್ರಿ. ಅದು ಎಲ್ಲಿ ಹಿಡದೈತಿ ಅಂತ ಮೊದಲ ನೋಡೂಣು."

ಅವರು ಅಕ್ಕನಿಗೆ ಬ್ರೇಕು ಒತ್ತಲು ಹೇಳಿ, ದಂಡದ ಬುಡಕ್ಕೆ ಕಿವಿಕೊಟ್ಟರು. ಟಿಕ್ಕೆಂಬ ಸಣ್ಣ ಸದ್ದು ಕೇಳಿಸಿತು. ಇಂಥ ಕಾರಿನಲ್ಲಿ ಬೀಗಗಳು ಎರಡು. ಬ್ರೇಕು ತುಳಿದಾಗ ಬಿಚ್ಚಿಕೊಳ್ಳುವ ವಿದ್ಯುತ್ತಿನ ಬೀಗ ಒಂದು. ಹೆಬ್ಬೆರಳು ಗುಂಡಿಯೊತ್ತಿದಾಗ ದಂಡದೊಳಗಿನ ತೆಳು ಸರಳು ಸರಿದು ಕಚ್ಚಿನಿಂದ ಮೊಳೆಯನ್ನು ಬಿಡಿಸುವ ಬೀಗ ಇನ್ನೊಂದು. ಟಿಕ್ಕೆಂದ ಮೇಲೆ ಮೊದಲನೆಯದು ಸರಿಯಿದೆ ಎಂದಾಯಿತು. ರೋಗ ಹಿಡಿಕೆಯೊಳಗೇ ಇದೆ, ಅದನ್ನು ಕಳಚದೆ ಮದ್ದಿಲ್ಲ.

ಕಳಚುವುದಕ್ಕೂ ಹಿಡಿಕೆಯ ಜಾತಿ ತಿಳಿದಿರಬೇಕು ಎಂದು ಮಿಸ್ತ್ರಿ ವಿವರಿಸಿದರು. ಕ್ಲಚ್ ಇರುವ ಕಾರುಗಳಲ್ಲಿ ಹಿಡಿಕೆಗೆ ಸಾಮಾನ್ಯವಾಗಿ ತಿರುಪಿನ ಸುರುಳಿ ಇರುತ್ತದೆ. ಮರಾಠಿಯಲ್ಲಿ ಅದಕ್ಕೆ 'ಆಟೆ' ಎನ್ನುತ್ತಾರೆ. ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಅದು ಬಿಚ್ಚಿಬರುತ್ತದೆ. ಗುಂಡಿಯುಳ್ಳ ಹಿಡಿಕೆಗೆ ಹೆಚ್ಚಾಗಿ ಸುರುಳಿ ಇರುವುದಿಲ್ಲ. ಬುಡದಲ್ಲಿ ಬಳೆಯಂಥ ಮುಚ್ಚಳ, ಅದರ ಮರೆಯಲ್ಲಿ ಲಾಳದ ಆಕಾರದ ತಂತಿಯ ಕ್ಲಿಪ್ಪು ಅಥವಾ ಪುಟ್ಟ ತಿರುಪು. ಅದನ್ನು ತಿರುವಿದರೆ ಒಳಗಿನ ಸರಳು ನುಲಿದು ಮುರಿಯುತ್ತದೆ. ಹುಡುಗರ ಪಾನಾ ಆಡಿದ್ದರೆ ಇಡೀ ಜೋಡಣೆ ಕೊಳ್ಳುವ ಮಾತು ನಿಜವಾಗಿಬಿಡುತ್ತಿತ್ತು.

ಮಿರಜದವರಿಗೆ ಈ ಜಾಣ್ಮೆ ನೆಲದ ಗುಣವೋ ಏನೋ. ಕತ್ತಿ ಕಠಾರಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಸಿತಾರು, ತಂಬೂರಿಗಳತ್ತ ಕೈ ಹೊರಳಿಸಿದ ಊರು ಅದು. ಅಲ್ಲಿನ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ತಂಬೂರಿಯ ಬಿರಡೆಗೆ ಸುರುಳಿಯಿಲ್ಲ, ಕ್ಲಿಪ್ಪಿಲ್ಲ. ತುದಿಗೆ ಸಣ್ಣದಾಗುವ ಕಟ್ಟಿಗೆ ತನ್ನ ತೂತಿನಲ್ಲಿ ಬರಿಯ ಬಿಗಿತದಿಂದ ನಿಲ್ಲುತ್ತದೆ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಬಿರಡೆ ಹಿಡಿದುಕೊಂಡರೆ ಮೆಲ್ಲಗೆ ತಿರುಗಿಸುತ್ತಲೇ ಹೊರಗೆಳೆಯುತ್ತಾರೆ. ಬೇಸಿಗೆಯಲ್ಲಿ ಜಾರತೊಡಗಿದರೆ ಸೀಮೆಸುಣ್ಣ ಸವರುತ್ತಾರೆ. ಒಂದನ್ನು ತಿರುಗಿಸಬೇಕು, ಇನ್ನೊಂದನ್ನು ತಿರುಗಿಸಕೂಡದು. ಎರಡಕ್ಕೂ ಬಲಪ್ರಯೋಗದಿಂದ ಆಗುವುದು ಹಾನಿಯೇ.

ಚಕ್ರಗಳಿಗೆ ಇಟ್ಟಂಗಿ ಕೊಟ್ಟು, ಕೈಬ್ರೇಕು ಎಳೆದು, ಬ್ಯಾಟರಿಯ ತಂತಿ ಕಳಚಿ ಮಿಸ್ತ್ರಿ ಕೆಲಸಕ್ಕೆ ಕೂತರು. ಬುಡದ ಬಳೆ ಕೆಳಗೆ ಜಾರಲೊಲ್ಲದು. ತುಕ್ಕು ಬಿಡಿಸುವ ಎಣ್ಣೆ ಹನಿಸಿದರು, ಕಾದರು, ಏನೂ ಆಗಲಿಲ್ಲ. ಮತ್ತೆ ಎಣ್ಣೆಯ ಡಬ್ಬಿಗೆ ಕೈಹಾಕಿದಾಗ, ಅಷ್ಟು ಹೊತ್ತು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ ಅಕ್ಕ ಬಾಯಿ ತೆರೆದಳು.

"ಅಲ್ಲಿ ತುಕ್ಕು ಎಲ್ಲೈತಿ? ಅಲ್ಲಿ ಇರೂದು ಕಬ್ಬಿನ ಹಾಲು. ಸಕ್ಕರಿ ಎಣ್ಣ್ಯಾಗ ಕರಗತೈತೇನು? ನೀರಾಗ ಕರಗತೈತಿ."

ಮಿಸ್ತ್ರಿ ಎಣ್ಣೆಯ ಡಬ್ಬಿ ಕೆಳಗಿಟ್ಟು ನಕ್ಕರು. "ಖರೇ ಹೇಳಿದ್ರಿ ಬಾಯಾರ." ನಾಲ್ಕನೆಯ ತರಗತಿಯ ಮಕ್ಕಳಿಗೆ ವರ್ಷ ವರ್ಷವೂ ಹೇಳಿಕೊಟ್ಟ ಪಾಠ ಅಂದು ಅಂಗಳದಲ್ಲಿ ಉಪಯೋಗಕ್ಕೆ ಬಂದಿತ್ತು. ಬಿಸಿನೀರು ಬಂದಿತು. ದಂಡದ ಬುಡದಲ್ಲಿ ವಿದ್ಯುತ್ತಿನ ಸಾಮಗ್ರಿ ಇರುವುದರಿಂದ ನೀರು ಸುರಿಯುವಂತಿಲ್ಲ. ಅರಿವೆಯ ತುಂಡನ್ನು ಅದ್ದಿ, ಹನಿ ಸೋರದಂತೆ ಹಿಂಡಿ, ಬಳೆಯ ಸುತ್ತ ಸುತ್ತಿದರು. ಆರಿದಂತೆಲ್ಲ ಹೊಸ ಅರಿವೆ. ನಾಲ್ಕನೆಯ ಸುತ್ತಿಗೆ ಬಳೆಯ ಅಂಚಿನಲ್ಲಿ ಕಂದು ಬಣ್ಣದ ಪಾಕ ಜಿನುಗಿತು. ಹಳೆಯ ಹಲ್ಲುಜ್ಜುವ ಬ್ರಶ್ಶಿನ ಹಿಂದಿನ ತುದಿಯಿಂದ ಮೆಲ್ಲಗೆ ಒತ್ತಿದಾಗ ಬಳೆ ಜಾರಿ ಕೆಳಗಿಳಿಯಿತು. ಅದರ ಹಿಂದೆ, ಮಿಸ್ತ್ರಿ ಹೇಳಿದ ಜಾಗದಲ್ಲಿಯೇ, ಲಾಳದಂಥ ಕ್ಲಿಪ್ಪು ಇತ್ತು. ಸಂದಿಯಲ್ಲಿ ಬಿದ್ದು ಕಳೆದೀತೆಂದು ಅದಕ್ಕೆ ದಾರ ಕಟ್ಟಿ, ಚೂಪು ಮೂತಿಯ ಪಕ್ಕಡದಿಂದ ಎಳೆದರು. ಆಮೇಲೆ ಮುಖವನ್ನು ಪಕ್ಕಕ್ಕೆ ಸರಿಸಿ ಹಿಡಿಕೆಯನ್ನು ನೆಟ್ಟಗೆ ಮೇಲಕ್ಕೆ ಎತ್ತಿದರು. ಪಕ್ಕನೆ ಬಿಟ್ಟಾಗ ಅದು ಗಲ್ಲಕ್ಕೆ ಬಡಿಯುವುದುಂಟಂತೆ. ಈ ಸಲ ಯಾರ ಗಲ್ಲಕ್ಕೂ ಬಡಿಯಲಿಲ್ಲ.

ಒಳಗೆ ಗುಂಡಿ, ಪುಟ್ಟ ಸ್ಪ್ರಿಂಗು, ಸುತ್ತ ಬೆಲ್ಲದ ಅಂಟು. ಸ್ಪ್ರಿಂಗು ಹಾರದಂತೆ ಮೇಲೆ ಅರಿವೆ ಮುಚ್ಚಿ ಬಿಡಿಸಿ, ಎಲ್ಲವನ್ನೂ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಇಟ್ಟರು. ಒಣಗಿದ ಮೇಲೆ ಪ್ಲಾಸ್ಟಿಕ್ಕಿಗೆ ಒಗ್ಗುವ ಸಿಲಿಕೋನ್ ಗ್ರೀಸು ತುಸು ಸವರಿ, ಗುಂಡಿ ಕೂರಿಸಿ, ಕ್ಲಿಪ್ಪು ಸಿಕ್ಕಿಸಿ, ಬಳೆ ಏರಿಸಿದರು. ಪರೀಕ್ಷೆಯೂ ಕ್ರಮವಾಗಿಯೇ ನಡೆಯಿತು: ಬ್ರೇಕು ತುಳಿಯದೆ ಹಿಡಿಕೆ ನಿಲುಗಡೆಯಿಂದ ಕದಲಬಾರದು, ಗುಂಡಿಯೊತ್ತದೆ ಹಿಂಗೇರಿಗೆ ಹೋಗಬಾರದು, ಎರಡೂ ಕೂಡಿದಾಗ ಮಾತ್ರ ಬೆಣ್ಣೆಯಂತೆ ಸರಿಯಬೇಕು. ಸರಿಯಿತು.

ಮಿಸ್ತ್ರಿ ಮುನ್ನೂರು ರೂಪಾಯಿ ತೆಗೆದುಕೊಂಡು ಚೀಟಿ ಬರೆದುಕೊಟ್ಟರು. ಅಕ್ಕ ಅದನ್ನು ಓದಿ ಮತ್ತೊಮ್ಮೆ ಓದಿದಳು. ಮಾತು ಕನ್ನಡದ್ದು, ಅಕ್ಷರ ದೇವನಾಗರಿಯದು. "ಕನ್ನಡ ಬರೀಲಿಕ್ಕೆ ಬರೂದಿಲ್ಲರಿ, ಮಾತು ಅಷ್ಟ ಬರತೈತಿ" ಎಂದು ಅವರು ಸಹಜವಾಗಿ ಹೇಳಿದರು. ಗಡಿಯ ಈ ಬದಿಯಲ್ಲಿ ಮನೆಮನೆಯ ಸಂಗತಿ ಅದು. ಅದಕ್ಕೆ ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಅಕ್ಕ ಉಪದೇಶ ಮಾಡಲಿಲ್ಲ. ಒಳಗೆ ಹೋಗಿ, ಕಪಾಟಿನಲ್ಲಿ ಇಟ್ಟಿದ್ದ ಚೀಲದಿಂದ ಒಂದು ಅಕ್ಷರಮಾಲೆಯ ಪುಸ್ತಕ ತಂದು, "ನಿಮ್ಮ ಹುಡುಗರಿಗೆ" ಎಂದು ಕೊಟ್ಟಳು. ಅವರು ಅದನ್ನು ಕೈಯ ಗ್ರೀಸು ತಾಗದಂತೆ ಎರಡು ಬೆರಳಿನಲ್ಲಿ ಹಿಡಿದು, ಬೈಕಿನ ಪೆಟ್ಟಿಗೆಯಲ್ಲಿ ಪಾನಾಗಳ ಮೇಲೆ ಇಟ್ಟುಕೊಂಡರು.

ಮುಂದಿನ ರವಿವಾರ ಅಕ್ಕ ಆರಗದ ಕಡೆ ಹೊರಟಳು. ಜೊತೆಗೆ ಬರುತ್ತೇವೆ ಎಂದೆವು, ಮತ್ತೆ ನಡುದಾರಿಯಲ್ಲಿ ನಿಂತರೆ ಎಂಬ ಅಂಜಿಕೆಯಿಂದ. "ನಿಂತರ ಬಿಸಿನೀರ ಕೇಳತೀನಿ" ಎಂದು ಹೇಳಿ, ಬ್ರೇಕು ತುಳಿದು, ಗುಂಡಿಯೊತ್ತಿ, ಹಿಡಿಕೆ ಸರಿಸಿಕೊಂಡು ಆಕೆ ಒಬ್ಬಳೇ ಹೋದಳು.